ಆರ್ಕೇಯ್ ಶಾಲೆಯ ಆಟದ ಬಯಲು: ಫಾದರ್ ದಿದೋಂ ಅವರ ಬದುಕು

ಶಾಲೆಯಲ್ಲಿ ಕ್ರೀಡಾ ದಿನಾಚರಣೆ ಬಂತೆಂದರೆ ಆಹ್ವಾನಪತ್ರಿಕೆಯ ಮೇಲೆ ಐದು ಉಂಗುರಗಳ ಚಿತ್ರ ಬರುತ್ತದೆ. ಅದರ ಕೆಳಗೆ ಮೂರು ಲ್ಯಾಟಿನ್ ಪದಗಳು: ಸಿಟಿಯಸ್, ಆಲ್ಟಿಯಸ್, ಫಾರ್ಟಿಯಸ್. ಇನ್ನೂ ವೇಗವಾಗಿ, ಇನ್ನೂ ಎತ್ತರಕ್ಕೆ, ಇನ್ನೂ ಬಲವಾಗಿ ಎಂದು ಅರ್ಥ. ಈ ಮಾತನ್ನು ಕೊಟ್ಟವರು ಯಾರೆಂದು ನಮ್ಮ ಪ್ರಶಿಕ್ಷಣಾರ್ಥಿಗಳನ್ನು ಕೇಳಿದರೆ ಹೆಚ್ಚಿನವರು ಆಧುನಿಕ ಒಲಿಂಪಿಕ್ಸ್‌ನ ಸ್ಥಾಪಕ ಪಿಯರ್ ದ ಕೂಬರ್ತಾಂ ಎನ್ನುತ್ತಾರೆ. ಅದನ್ನು ಜಗತ್ತಿಗೆ ಹರಡಿದವರು ಅವರೇ ನಿಜ. ಆದರೆ ಆ ಪದಗಳು ಹುಟ್ಟಿದ್ದು ಒಲಿಂಪಿಕ್ಸ್‌ಗಾಗಿ ಅಲ್ಲ, ಒಂದು ಶಾಲೆಯ ಹುಡುಗರಿಗಾಗಿ. ಹೇಳಿದವರು ಆ ಶಾಲೆಯ ಮುಖ್ಯಸ್ಥರಾಗಿದ್ದ ಕಥೋಲಿಕ ಸನ್ಯಾಸಿ ಆನ್ರಿ ದಿದೋಂ. ದೈಹಿಕ ಶಿಕ್ಷಣದ ಅಭ್ಯಾಸ ಪಾಠಗಳನ್ನು ವೀಕ್ಷಿಸುವವರಿಗೂ ಪಾಠ ಕೊಡುವವರಿಗೂ ಈ ಮನುಷ್ಯನ ಬದುಕು ಗೊತ್ತಿರಬೇಕು ಎಂದು ನನಗೆ ಬಹಳ ದಿನದಿಂದ ಅನ್ನಿಸಿದೆ. ಮೆಚ್ಚಿ ತಲೆದೂಗುವುದಕ್ಕಷ್ಟೇ ಅಲ್ಲ. ಅವರೊಡನೆ ವಾದ ಮಾಡಬೇಕಾದ ಜಾಗಗಳೂ ಇವೆ.

ದಿದೋಂ ಹುಟ್ಟಿದ್ದು 1840ರ ಮಾರ್ಚ್ 17ರಂದು, ಫ್ರಾನ್ಸಿನ ಆಲ್ಪ್ಸ್ ಬೆಟ್ಟಗಳ ಅಡಿಯ ಗ್ರೆನೋಬ್ಲ್ ನಗರಕ್ಕೆ ಹತ್ತಿರದ ಲ ತೂವೆ ಎಂಬ ಊರಿನಲ್ಲಿ. ಒಂಬತ್ತನೆಯ ವಯಸ್ಸಿಗೆ ಗ್ರೆನೋಬ್ಲ್‌ನ ರೊಂದೋ ಕಿರಿಯ ಗುರುಮಠಕ್ಕೆ ಓದಲು ಸೇರಿದರು. ಗುರುಮಠವೆಂದರೆ ಪಾದ್ರಿಗಳಾಗುವವರಿಗೆ ಶಿಕ್ಷಣ ಕೊಡುವ ಶಾಲೆ; ಮೌನ, ಪ್ರಾರ್ಥನೆ, ಲ್ಯಾಟಿನ್ ವ್ಯಾಕರಣ ಇಷ್ಟೇ ಇರುತ್ತದೆಂದು ನಾವು ಎಣಿಸಿಬಿಡುತ್ತೇವೆ. ರೊಂದೋದಲ್ಲಿ ಇನ್ನೊಂದು ಸಂಪ್ರದಾಯವಿತ್ತು. ಅಲ್ಲಿನ ವಿದ್ಯಾರ್ಥಿಗಳು 1832ರಿಂದ ನಾಲ್ಕು ವರ್ಷಕ್ಕೊಮ್ಮೆ ಹಳೆಯ ಗ್ರೀಸಿನ ಮಾದರಿಯಲ್ಲಿ ಆಟೋಟಗಳನ್ನು ನಡೆಸಿ ಅದನ್ನು ಒಲಿಂಪಿಕ್ ಎಂದೇ ಕರೆಯುತ್ತಿದ್ದರು. ಅಥೆನ್ಸ್‌ನಲ್ಲಿ ಮೊದಲ ಆಧುನಿಕ ಒಲಿಂಪಿಕ್ಸ್ ನಡೆಯುವುದಕ್ಕೆ 64 ವರ್ಷ ಮೊದಲಿನ ಮಾತಿದು. ಗ್ರೀಕ್ ಲ್ಯಾಟಿನ್ ಪುಸ್ತಕಗಳಲ್ಲಿ ಓದಿದ್ದನ್ನು ಹುಡುಗರು ಬಯಲಿಗೆ ತಂದು ಆಡಿದರು. ಪಠ್ಯಕ್ಕೂ ಮೈದಾನಕ್ಕೂ ನಡುವೆ ನಾವು ಇಂದು ಎಬ್ಬಿಸಿಕೊಂಡಿರುವ ಗೋಡೆ ಆ ಮಕ್ಕಳಿಗೆ ಇರಲಿಲ್ಲ. ದಿದೋಂ ಬೆಳೆದದ್ದು ಈ ಆಟಗಳ ನಡುವೆ.

ಹದಿನಾರನೆಯ ವಯಸ್ಸಿಗೆ, 1856ರಲ್ಲಿ, ಡೊಮಿನಿಕನ್ ಸಭೆಯನ್ನು ಸೇರಿದರು. ಫ್ರಾನ್ಸಿನಲ್ಲಿ ಆ ಸಭೆಯನ್ನು ಮತ್ತೆ ಕಟ್ಟಿ ನಿಲ್ಲಿಸಿದ ಲಾಕೋರ್ದೇರ್ ಅವರ ಪ್ರಭಾವ ಹುಡುಗನ ಮೇಲೆ ಆಳವಾಗಿತ್ತು. ರೋಮಿನಲ್ಲಿ ದೈವಶಾಸ್ತ್ರ ಓದಿ, 1862ರಲ್ಲಿ ಯಾಜಕ ದೀಕ್ಷೆ ಪಡೆದು, ಪ್ರಬೋಧಕರಾಗಿ ಹೆಸರು ಮಾಡಿದರು. ದೊಡ್ಡ ದನಿ, ಗಟ್ಟಿ ಮೈಕಟ್ಟು. ಪ್ಯಾರಿಸಿನಲ್ಲಿ ಅವರ ಪ್ರಬೋಧನೆ ಎಂದರೆ ಚರ್ಚು ತುಂಬುತ್ತಿತ್ತು. ವಿಜ್ಞಾನಿಗಳ, ಸಾಹಿತಿಗಳ ಸ್ನೇಹವಿತ್ತು. ಹೊಸ ಕಾಲದೊಡನೆ ಧರ್ಮಸಭೆ ಮಾತಾಡಬೇಕು, ಬೆನ್ನು ತಿರುಗಿಸಬಾರದು ಎಂಬುದು ಅವರ ನಿಲುವು. ಅದು ಮೇಲಿನವರಿಗೆ ಹಿಡಿಸಲಿಲ್ಲ. 1879ರಲ್ಲಿ ವಿವಾಹ ವಿಚ್ಛೇದನದ ಬಗ್ಗೆ ಕೊಡುತ್ತಿದ್ದ ಉಪನ್ಯಾಸಮಾಲೆಯನ್ನು ನಡುವೆಯೇ ನಿಲ್ಲಿಸಬೇಕಾಯಿತು. ಮರುವರ್ಷ ತಪಸ್ಸು ಕಾಲದ ಪ್ರಬೋಧನೆಗಳ ನಂತರ ಸಭೆಯ ಪರಮಾಧಿಕಾರಿಗಳು ಅವರನ್ನು ರೋಮಿಗೆ ಕರೆಸಿಕೊಂಡು, ಅಲ್ಲಿಂದ ಕೋರ್ಸಿಕಾ ದ್ವೀಪದ ಕೊರ್ಬಾರಾ ಮಠಕ್ಕೆ ಕಳುಹಿಸಿದರು. ಸುಮಾರು ಹದಿನೆಂಟು ತಿಂಗಳ ಮೌನವಾಸ. ಸಾವಿರಾರು ಜನರ ಮುಂದೆ ಮಾತಾಡುತ್ತಿದ್ದವನಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಯಾವುದಿದೆ? ಅವರು ಒಪ್ಪಿ ನಡೆದರು, ಸಭೆಯನ್ನು ಬಿಟ್ಟು ಹೋಗಲಿಲ್ಲ.

ಮುಂದಿನ ವರ್ಷಗಳನ್ನು ಬೇಗ ದಾಟಬಹುದು. ಜರ್ಮನಿಗೆ ಹೋಗಿ ಅಲ್ಲಿನ ವಿಶ್ವವಿದ್ಯಾಲಯಗಳನ್ನು ನೋಡಿ 1884ರಲ್ಲಿ ಜರ್ಮನರ ಬಗ್ಗೆ ಒಂದು ಪುಸ್ತಕ ಬರೆದರು. ಪ್ಯಾಲೆಸ್ತೀನಿಗೆ ಹೋದರು. 1890ರಲ್ಲಿ ಯೇಸುವಿನ ಜೀವನಚರಿತ್ರೆಯನ್ನು ಎರಡು ಸಂಪುಟಗಳಲ್ಲಿ ಹೊರತಂದರು. ಅದು ಬಹಳ ಜನರನ್ನು ತಲುಪಿತು, ಬೇರೆ ಭಾಷೆಗಳಿಗೂ ಹೋಯಿತು. ಅದೇ ವರ್ಷ, ಐವತ್ತರ ವಯಸ್ಸಿನಲ್ಲಿ, ಪ್ಯಾರಿಸಿನ ದಕ್ಷಿಣಕ್ಕೆ ತಗುಲಿಕೊಂಡಿರುವ ಆರ್ಕೇಯ್ ಊರಿನ ಆಲ್ಬೆರ್ ಲ ಗ್ರಾಂ ಶಾಲೆಯ ಮುಖ್ಯಸ್ಥರಾಗಿ ಬಂದರು.

ಆ ಶಾಲೆಗೆ ತನ್ನದೇ ನೆನಪುಗಳಿದ್ದವು. ಹದಿಮೂರನೆಯ ಶತಮಾನದ ಡೊಮಿನಿಕನ್ ವಿದ್ವಾಂಸ, ಅಕ್ವಿನಾಸನ ಗುರು ಮಹಾ ಆಲ್ಬರ್ಟ್ ಹೆಸರಿನಲ್ಲಿ 1863ರಲ್ಲಿ ಸ್ಥಾಪನೆಯಾದ ವಸತಿ ಶಾಲೆ ಅದು. 1871ರ ಪ್ಯಾರಿಸ್ ಕಮ್ಯೂನ್ ಕೊನೆಗಾಣುತ್ತಿದ್ದ ದಿನಗಳಲ್ಲಿ, ಮೇ 25ರಂದು, ಶಾಲೆಯ ಸ್ಥಾಪಕರಾದ ಫಾದರ್ ಕಾಪ್ತಿಯೇ ಅವರೂ ಸೇರಿ ಐವರು ಸನ್ಯಾಸಿಗಳನ್ನೂ ಎಂಟು ಮಂದಿ ಸಿಬ್ಬಂದಿಯನ್ನೂ ಬೀದಿಯಲ್ಲಿ ಗುಂಡಿಟ್ಟು ಕೊಂದರು. ಶಾಲೆ ಮತ್ತೆ ಎದ್ದು ನಿಂತಿತು. ಆದರೆ ಫ್ರಾನ್ಸಿನಲ್ಲಿ ಗಣರಾಜ್ಯದ ಸರ್ಕಾರಕ್ಕೂ ಕಥೋಲಿಕ ಶಿಕ್ಷಣ ಸಂಸ್ಥೆಗಳಿಗೂ ಜಗಳ ನಿಲ್ಲಲಿಲ್ಲ. 1880ರಲ್ಲಿ ಹಲವು ಸನ್ಯಾಸಿ ಸಭೆಗಳ ಮಠಗಳನ್ನು ಸರ್ಕಾರ ಮುಚ್ಚಿಸಿತು. ಮುಂದಿನ ಎರಡು ವರ್ಷಗಳಲ್ಲಿ ಜೂಲ್ ಫೆರ್ರಿ ಅವರ ಕಾನೂನುಗಳು ಪ್ರಾಥಮಿಕ ಶಿಕ್ಷಣವನ್ನು ಉಚಿತ, ಕಡ್ಡಾಯ, ಧರ್ಮನಿರಪೇಕ್ಷ ಮಾಡಿದವು. ಸರ್ಕಾರಿ ಲಿಸೇಯಲ್ಲಿ ಓದುವ ಹುಡುಗನೂ ಪಾದ್ರಿಗಳ ಶಾಲೆಯಲ್ಲಿ ಓದುವ ಹುಡುಗನೂ ಒಂದೇ ಊರಿನಲ್ಲಿದ್ದೂ ಎರಡು ದೇಶಗಳವರಂತೆ ಬೆಳೆಯುತ್ತಿದ್ದರು. ಈ ಹಿನ್ನೆಲೆ ಗೊತ್ತಿಲ್ಲದಿದ್ದರೆ ಮುಂದೆ ನಡೆದದ್ದು ಬರೀ ಓಟದ ಪಂದ್ಯವಾಗಿ ಕಾಣುತ್ತದೆ.

ಇನ್ನೊಂದು ಹಿನ್ನೆಲೆಯೂ ಇದೆ, ಅದು ನಮಗೆ ಬಹಳ ಪರಿಚಿತ. ಆ ಕಾಲದ ಫ್ರೆಂಚ್ ವಸತಿ ಶಾಲೆಗಳಲ್ಲಿ ಮಕ್ಕಳು ಬೆಳಗಿನಿಂದ ರಾತ್ರಿಯವರೆಗೆ ಬೆಂಚಿನ ಮೇಲೇ. ಓದು, ಬಾಯಿಪಾಠ, ಪರೀಕ್ಷೆ. ಬಿಡುವಿನಲ್ಲಿ ಗೋಡೆಗಳ ನಡುವಿನ ಅಂಗಳದಲ್ಲಿ ಅತ್ತಿಂದಿತ್ತ ನಡೆದಾಡುವುದು. 1887ರ ಹೊತ್ತಿಗೆ ಫ್ರಾನ್ಸಿನ ವೈದ್ಯಕೀಯ ಅಕಾಡೆಮಿಯೇ ವಿದ್ಯಾರ್ಥಿಗಳ ಅತಿಶ್ರಮದ ಬಗ್ಗೆ ಚರ್ಚೆ ನಡೆಸಿತ್ತು. ವ್ಯಾಯಾಮ ಇರಲಿಲ್ಲವೆಂದಲ್ಲ, ಸಾಲಾಗಿ ನಿಂತು, ಆಜ್ಞೆ ಕೇಳಿ, ಕೈಕಾಲು ಎತ್ತಿಳಿಸುವ ಕವಾಯತು ಇತ್ತು. ಕೂಬರ್ತಾಂ ಇದನ್ನು ಬದಲಿಸಲು ಹೊರಟ ತರುಣ. 1863ರಲ್ಲಿ ಹುಟ್ಟಿದವರು, ಪ್ಯಾರಿಸಿನ ಜೆಸ್ವಿಟ್ ಶಾಲೆಯಲ್ಲಿ ಓದಿದವರು. ಇಂಗ್ಲೆಂಡಿನ ಶಾಲೆಗಳಲ್ಲಿ ಹುಡುಗರೇ ಆಟದ ಸಂಘಗಳನ್ನು ನಡೆಸುವುದನ್ನು ಕಂಡು, ಆ ಕ್ರಮವನ್ನು ಫ್ರಾನ್ಸಿಗೆ ತರಬೇಕೆಂದು ಶಾಲೆಯಿಂದ ಶಾಲೆಗೆ ಅಲೆಯುತ್ತಿದ್ದರು. ಸರ್ಕಾರಿ ಲಿಸೇಗಳಲ್ಲಿ ಕೆಲವು ಸಂಘಗಳು ಹುಟ್ಟಿಕೊಂಡಿದ್ದವು. ಕಥೋಲಿಕ ಶಾಲೆಗಳು ದೂರವೇ ನಿಂತಿದ್ದವು. ಆ ಬಾಗಿಲನ್ನು ತೆರೆಯಲು ದಾರಿ ಹುಡುಕುತ್ತ 1891ರ ಆರಂಭದಲ್ಲಿ ಅವರು ದಿದೋಂ ಬಳಿಗೆ ಬಂದರು. ಆಗ ಅವರಿಗೆ ಇಪ್ಪತ್ತೆಂಟು, ದಿದೋಂಗೆ ಐವತ್ತು. ದಿದೋಂ ಹಿಂದೆಮುಂದೆ ನೋಡಲಿಲ್ಲ. ಕೆಲವೇ ವಾರಗಳಲ್ಲಿ ಆರ್ಕೇಯ್ ಶಾಲೆಯ ಕ್ರೀಡಾ ಸಂಘ ಸಿದ್ಧವಾಯಿತು.

1891ರ ಮಾರ್ಚ್ 7ರಂದು ಆ ಸಂಘದ ಮೊದಲ ಕ್ರೀಡಾಕೂಟ ನಡೆಯಿತು. ಕೂಬರ್ತಾಂ ಹಾಜರಿದ್ದರು. ಹುಡುಗರನ್ನು ಉದ್ದೇಶಿಸಿ ಮಾತಾಡುತ್ತ ದಿದೋಂ ಸಂಘದ ಧ್ಯೇಯವಾಕ್ಯವಾಗಿ ಆ ಮೂರು ಲ್ಯಾಟಿನ್ ಪದಗಳನ್ನು ಕೊಟ್ಟರು. ಸಂಘದ ಬಾವುಟದ ಮೇಲೆ ಅವನ್ನು ಕಸೂತಿ ಹಾಕಿಸಲಾಗಿತ್ತು.

ಈ ಮೂರು ಪದಗಳ ಮೇಲೆ ಸ್ವಲ್ಪ ನಿಲ್ಲಬೇಕು. ಲ್ಯಾಟಿನ್‌ನಲ್ಲಿ ಹೋಲಿಕೆಯ ಅರ್ಥ ಪದದ ಕೊನೆಯಲ್ಲೇ ಅಡಗಿರುತ್ತದೆ. ಯಾರಿಗಿಂತ ವೇಗ, ಯಾವುದಕ್ಕಿಂತ ಎತ್ತರ ಎಂದು ಹೇಳಲೇಬೇಕಾಗಿಲ್ಲ. ಕನ್ನಡದಲ್ಲಿ ಹಾಗಲ್ಲ. ನಾವು ಹೋಲಿಸಬೇಕಾದರೆ ಗಿಂತ ಎಂಬ ಪ್ರತ್ಯಯ ಬೇಕು, ಗಿಂತ ಬಂದರೆ ಅದರ ಹಿಂದೆ ಒಬ್ಬರು ಬೇಕು: ರಾಜುಗಿಂತ, ಪಕ್ಕದ ಶಾಲೆಯವರಿಗಿಂತ, ನಿನ್ನೆಗಿಂತ. ಇಲ್ಲವಾದರೆ ಇನ್ನೂ ಎಂದು ಶುರುಮಾಡಬೇಕು, ಆಗ ಹೋಲಿಕೆ ತನ್ನೊಡನೆಯೇ. ಎರಡರಲ್ಲಿ ಯಾವುದನ್ನು ಆರಿಸುತ್ತೇವೆ ಎಂಬುದರ ಮೇಲೆ ಇಡೀ ಕ್ರೀಡಾ ಕಾರ್ಯಕ್ರಮದ ಸ್ವರೂಪ ನಿಂತಿದೆ. ಗಿಂತ ಎಂದು ಕಟ್ಟಿದ ಕಾರ್ಯಕ್ರಮದಲ್ಲಿ ಐವತ್ತು ಮಕ್ಕಳಿದ್ದರೆ ಮೂವರಿಗೆ ಬಹುಮಾನ, ನಲವತ್ತೇಳು ಮಂದಿ ಚಪ್ಪಾಳೆ ತಟ್ಟುವವರು. ಇನ್ನೂ ಎಂದು ಕಟ್ಟಿದರೆ ಐವತ್ತು ಮಕ್ಕಳಿಗೂ ಕೆಲಸವಿದೆ. ದಿದೋಂ ಯಾವ ಅರ್ಥದಲ್ಲಿ ಹೇಳಿದರು? ಅವರ ಒಟ್ಟು ವಿಚಾರವನ್ನು ನೋಡಿದರೆ ಎರಡೂ ಇದ್ದವು ಎನ್ನಬೇಕು. ಸನ್ಯಾಸಿಯಾಗಿ ಅವರಿಗೆ ಮನುಷ್ಯ ತನ್ನನ್ನು ತಾನು ಮೀರುವುದು ಮುಖ್ಯ. ಎತ್ತರ ಎಂಬ ಪದಕ್ಕೆ ಪಾದ್ರಿಯ ಬಾಯಲ್ಲಿ ಜಿಗಿತದ ಎತ್ತರ ಮಾತ್ರವೇ ಅರ್ಥವಾಗಿರಲಾರದು. ಆದರೆ ಹೋರಾಟವನ್ನೂ ಎದುರಾಳಿಯನ್ನು ಸೋಲಿಸುವ ಹುರುಪನ್ನೂ ಅವರು ಮುಚ್ಚುಮರೆಯಿಲ್ಲದೆ ಇಷ್ಟಪಡುತ್ತಿದ್ದರು.

ಸಂಘ ನಡೆಯುವ ಬಗೆ ಹೇಗಿತ್ತು ಎಂಬುದು ನಮಗೆ ಹೆಚ್ಚು ಉಪಯೋಗದ ವಿಷಯ. ಕೂಬರ್ತಾಂ ಎಲ್ಲ ಶಾಲೆಗಳಲ್ಲೂ ಒತ್ತಿಹೇಳುತ್ತಿದ್ದ ಕ್ರಮವೆಂದರೆ ಸಂಘ ಹುಡುಗರದ್ದೇ ಆಗಿರಬೇಕು. ಅಧ್ಯಕ್ಷ, ಕಾರ್ಯದರ್ಶಿ, ಖಜಾಂಚಿ ಎಲ್ಲರೂ ಅವರಲ್ಲೇ ಆಯ್ಕೆಯಾದವರು. ಪಂದ್ಯದ ದಿನ ಗೊತ್ತುಮಾಡುವುದು, ಲೆಕ್ಕ ಇಡುವುದು, ತಂಡ ಆರಿಸುವುದು ಅವರ ಹೊಣೆ. ಶಿಕ್ಷಕರು ಹಿಂದೆ ನಿಲ್ಲಬೇಕು. ಇಂದು ಇದು ಸಾಮಾನ್ಯ ಮಾತು. ಅಂದು ಒಂದು ಧಾರ್ಮಿಕ ವಸತಿ ಶಾಲೆಯಲ್ಲಿ ಇದನ್ನು ಒಪ್ಪುವುದು ಸಣ್ಣ ಧೈರ್ಯವಲ್ಲ. ಹುಡುಗರ ಮೇಲೆ ಹಗಲಿರುಳೂ ಕಣ್ಣಿಡುವುದೇ ಒಳ್ಳೆಯ ಶಿಸ್ತು ಎಂದು ನಂಬಿದ್ದ ಕಾಲ. ದಿದೋಂ ಆ ನಂಬಿಕೆಯನ್ನು ಬಿಟ್ಟರು. ಸ್ವಂತ ಬುದ್ಧಿಯಿಂದ ಹೆಜ್ಜೆ ಇಡಲು, ತಪ್ಪಿದರೆ ಹೊಣೆ ಹೊರಲು ಹುಡುಗರು ಕಲಿಯಬೇಕು, ಅದಕ್ಕೆ ತರಗತಿಗಿಂತ ಬಯಲು ಒಳ್ಳೆಯ ಜಾಗ ಎಂದು ಅವರು ಎಣಿಸಿದರು. ಹೇಳಿದ್ದನ್ನು ಕೇಳಿ ಕುಳಿತಿರುವ ಹುಡುಗ ಒಳ್ಳೆಯ ಹುಡುಗ ಎಂಬುದು ಅವರಿಗೆ ಒಪ್ಪಿಗೆಯಾಗದ ಮಾತು. ಕೊರ್ಬಾರಾದಲ್ಲಿ ಸ್ವತಃ ವಿಧೇಯತೆಯ ಬೆಲೆ ತೆತ್ತವರು ಹೀಗೆ ಯೋಚಿಸಿದರು ಎಂಬುದು ನನ್ನನ್ನು ಇಂದಿಗೂ ತಟ್ಟುತ್ತದೆ.

ಇಲ್ಲಿ ಒಂದು ಮಾತು ಬದಿಗೆ. ಅಭ್ಯಾಸ ಪಾಠದಲ್ಲಿ ಕಬಡ್ಡಿ ಅಥವಾ ಖೋ-ಖೋ ಆಡಿಸುವಾಗ ನಮ್ಮ ಪ್ರಶಿಕ್ಷಣಾರ್ಥಿ ಸೀಟಿಯನ್ನು ತುಟಿಯಿಂದ ಇಳಿಸುವುದೇ ಇಲ್ಲ. ಸುಣ್ಣದ ಗೆರೆ ಎಳೆಯುವವರೂ ಅವರೇ, ತಂಡ ಹಂಚುವವರೂ ಅವರೇ, ಔಟ್ ಕೊಡುವವರೂ ಅವರೇ. ವೀಕ್ಷಕರ ಭಯ ಇರುತ್ತದೆ, ಗೊತ್ತು. ಆದರೆ ನಲವತ್ತು ನಿಮಿಷದ ಅವಧಿಯಲ್ಲಿ ಹತ್ತು ನಿಮಿಷ ಸೀಟಿಯನ್ನು ಏಳನೆಯ ತರಗತಿಯ ಒಬ್ಬ ಹುಡುಗಿಯ ಕೈಗೆ ಕೊಟ್ಟು ನೋಡಿ. ಮೊದಲ ಎರಡು ನಿಮಿಷ ಗದ್ದಲ. ಆಮೇಲೆ ನಿಯಮ ಏನೆಂದು ಮಕ್ಕಳೇ ವಾದ ಮಾಡಿ ತೀರ್ಮಾನಿಸುತ್ತಾರೆ. ಪಾಠ ಯೋಜನೆಯ ವರ್ತನಾ ಬದಲಾವಣೆ ಎಂಬ ಕಂಬದಲ್ಲಿ ಬರೆಯುವುದಕ್ಕೆ ಅದಕ್ಕಿಂತ ಒಳ್ಳೆಯ ಸಾಮಗ್ರಿ ನನಗೆ ಸಿಕ್ಕಿಲ್ಲ.

ಆರ್ಕೇಯ್‌ಗೆ ಹಿಂತಿರುಗೋಣ. ಆ ಶಾಲೆಯ ಹುಡುಗರು ಸರ್ಕಾರಿ ಲಿಸೇಗಳ ಹುಡುಗರ ಜೊತೆ ಒಂದೇ ಸ್ಪರ್ಧೆಯಲ್ಲಿ ಇಳಿಯಲು ಸಾಧ್ಯವಾದದ್ದು ದಿದೋಂ ಅವರ ಕಾರ್ಯಕ್ರಮದ ಅತಿ ದೊಡ್ಡ ಸಾಧನೆ ಎಂದು ನನ್ನ ಅಭಿಪ್ರಾಯ. ದೊಡ್ಡವರು ಸಂಸತ್ತಿನಲ್ಲೂ ಪತ್ರಿಕೆಗಳಲ್ಲೂ ಒಬ್ಬರ ಮುಖ ಒಬ್ಬರು ನೋಡದಂತೆ ಜಗಳವಾಡುತ್ತಿದ್ದಾಗ, ಅವರ ಮಕ್ಕಳು ಒಂದೇ ಗೆರೆಯ ಹಿಂದೆ ಸಾಲಾಗಿ ನಿಂತು ಒಂದೇ ಸನ್ನೆಗೆ ಓಡಿದರು. ಓಟದ ಗೆರೆ ಯಾರ ಶಾಲೆ ಯಾವುದೆಂದು ಕೇಳುವುದಿಲ್ಲ. ಜಗಳ ಇದರಿಂದ ನಿಂತಿತೆ? ಇಲ್ಲ. 1904ರಲ್ಲಿ ಫ್ರಾನ್ಸ್ ಸನ್ಯಾಸಿ ಸಭೆಗಳಿಗೆ ಬೋಧನೆಯನ್ನೇ ನಿಷೇಧಿಸುವ ಕಾನೂನು ತಂದಿತು. ಆಟ ರಾಜಕೀಯವನ್ನು ಗುಣಪಡಿಸುತ್ತದೆ ಎಂಬ ಭಾಷಣಗಳನ್ನು ನಾನು ನಂಬುವುದಿಲ್ಲ. ಆದರೂ ಆ ಕೆಲವು ವರ್ಷ ಆ ಹುಡುಗರು ಎದುರಿನವನನ್ನು ಬೆವರುವ, ಏದುಸಿರು ಬಿಡುವ, ಸೋತು ಕೈಕುಲುಕುವ ಮನುಷ್ಯನಾಗಿ ನೋಡಿದರು. ಅಷ್ಟು ಸಾಲದೆ?

ಮೂರು ವರ್ಷದ ನಂತರ, 1894ರ ಜೂನ್‌ನಲ್ಲಿ, ಪ್ಯಾರಿಸಿನ ಸೋರ್ಬಾನ್‌ನಲ್ಲಿ ಕೂಬರ್ತಾಂ ಕರೆದ ಸಮಾವೇಶ ಒಲಿಂಪಿಕ್ಸ್ ಅನ್ನು ಮತ್ತೆ ನಡೆಸಲು ತೀರ್ಮಾನಿಸಿತು. ಗೆಳೆಯನ ಶಾಲೆಯ ಬಾವುಟದ ಪದಗಳನ್ನೇ ಕೂಬರ್ತಾಂ ಹೊಸ ಚಳವಳಿಯ ಧ್ಯೇಯವಾಕ್ಯವಾಗಿ ತೆಗೆದುಕೊಂಡರು. 1896ರಲ್ಲಿ ಅಥೆನ್ಸ್‌ನಲ್ಲಿ ಮೊದಲ ಕೂಟ. ದಿದೋಂ ತಮ್ಮ ವಿದ್ಯಾರ್ಥಿಗಳ ಒಂದು ತಂಡದೊಡನೆ ಅಲ್ಲಿಗೆ ಹೋದರು. ಆ ವರ್ಷ ಪೂರ್ವದ ಮತ್ತು ಪಶ್ಚಿಮದ ಧರ್ಮಸಭೆಗಳ ಈಸ್ಟರ್ ಒಂದೇ ದಿನ, ಏಪ್ರಿಲ್ 5ರಂದು, ಬಿದ್ದಿತ್ತು. ಅಂದು ದಿದೋಂ ಅಥೆನ್ಸ್‌ನ ಕಥೋಲಿಕ ಚರ್ಚಿನಲ್ಲಿ ಪ್ರಬೋಧನೆ ಮಾಡಿದರು. ಮರುದಿನ ಕೂಟದ ಉದ್ಘಾಟನೆ. ರೊಂದೋ ಗುರುಮಠದಲ್ಲಿ ಒಲಿಂಪಿಕ್ ಎಂಬ ಹೆಸರನ್ನು ಆಟವಾಗಿ ಕೇಳಿದ ಹುಡುಗ ಐವತ್ತಾರನೆಯ ವಯಸ್ಸಿನಲ್ಲಿ ಅಥೆನ್ಸ್‌ನ ಅಮೃತಶಿಲೆಯ ಕ್ರೀಡಾಂಗಣದ ಊರಿಗೆ ತನ್ನ ಮಕ್ಕಳನ್ನು ಕರೆತಂದಿದ್ದ. ಶೈಕ್ಷಣಿಕ ಪ್ರವಾಸ ಎಂದರೆ ಇದು.

ಅವರ ವಿಚಾರ ಸ್ಪಷ್ಟವಾಗಿ ಕಾಣುವುದು ಮರುವರ್ಷ, 1897ರ ಜುಲೈನಲ್ಲಿ ಲ ಆವ್ರ್ ನಗರದಲ್ಲಿ ನಡೆದ ಒಲಿಂಪಿಕ್ ಸಮಾವೇಶದಲ್ಲಿ. ಕ್ರೀಡೆಯ ನೈತಿಕ ಪ್ರಭಾವ ಎಂಬುದು ಅವರ ವಿಷಯ. ಆಟದ ವಿರೋಧಿಗಳನ್ನು ಅವರು ಮೂರು ಗುಂಪು ಮಾಡಿದರು. ಮೊದಲನೆಯವರು ಜಡರು: ಅಲುಗಾಟವೇ ಬೇಡ, ಇದ್ದದ್ದು ಇದ್ದಂತೆ ಇರಲಿ ಎನ್ನುವವರು. ಎರಡನೆಯವರು ಮಮತೆಯವರು, ಮುಖ್ಯವಾಗಿ ತಾಯಂದಿರು: ಮಗನ ಮೊಣಕಾಲು ತರಚಿದರೆ ಎದೆ ಒಡೆದುಕೊಳ್ಳುವವರು. ಮೂರನೆಯವರು ಬುದ್ಧಿಜೀವಿಗಳು: ಮೈ ಬೆಳೆದರೆ ಬುದ್ಧಿ ಕುಗ್ಗುತ್ತದೆ ಎಂದು ಅಂಜುವವರು. ಮೂವರಿಗೂ ಅವರು ಶಾಲೆಯ ಅನುಭವದ ಬಲದಿಂದ ಉತ್ತರ ಕೊಟ್ಟರು. ಆಟ ಗಟ್ಟಿತನ ಕಲಿಸುತ್ತದೆ, ನೋವು ತಡೆಯುವುದನ್ನು ಕಲಿಸುತ್ತದೆ, ತಾನಾಗಿ ಮುಂದೆ ಬರುವ ಗುಣ ಬೆಳೆಸುತ್ತದೆ, ಓದಿಗೆ ಅಡ್ಡಿಯಾಗುವುದಿಲ್ಲ ಎಂಬುದು ಅವರ ವಾದದ ತಿರುಳು.

ನೂರಇಪ್ಪತ್ತೈದು ವರ್ಷ ದಾಟಿದರೂ ಈ ಮೂವರೂ ನಮ್ಮ ಶಾಲೆಗಳಲ್ಲಿ ಆರೋಗ್ಯವಾಗಿದ್ದಾರೆ. ಮೂರನೆಯ ಗುಂಪಿನವರು ಎಸ್.ಎಸ್.ಎಲ್.ಸಿ. ಹತ್ತಿರ ಬಂದಾಗ ಆಟದ ಅವಧಿಯನ್ನು ಗಣಿತಕ್ಕೆ ಕಸಿದುಕೊಳ್ಳುತ್ತಾರೆ. ಮೊದಲನೆಯವರು ಕ್ರೀಡಾ ಸಾಮಗ್ರಿಯನ್ನು ಬೀರುವಿನಲ್ಲಿ ಬೀಗ ಹಾಕಿ, ಹೊಸದಾಗಿಯೇ ಇಟ್ಟಿದ್ದೇವೆ ಎಂದು ತಪಾಸಣೆಯ ದಿನ ಹೆಮ್ಮೆಯಿಂದ ತೋರಿಸುತ್ತಾರೆ. ಈ ಇಬ್ಬರ ವಿರುದ್ಧ ನಾನು ಪೂರ್ತಿ ದಿದೋಂ ಕಡೆ. ಆದರೆ ಎರಡನೆಯ ಗುಂಪಿನ ವಿಷಯದಲ್ಲಿ ಅವರು ಅವಸರಪಟ್ಟರು ಎನ್ನಬೇಕು. ತಾಯಿಯ ಅಂಜಿಕೆಯನ್ನು ಬರೀ ಮೃದುತನವೆಂದು ತಳ್ಳಿಹಾಕಲಾಗದು. ಬಿಸಿಲಿನಲ್ಲಿ ಬೆಳಗಿನ ತಿಂಡಿ ತಿನ್ನದೆ ನಿಂತ ಮಗು, ಕಲ್ಲು ಆರಿಸದ ಮೈದಾನ, ಮರಳು ಹಾಕದ ಉದ್ದಜಿಗಿತದ ಗುಂಡಿ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯಲ್ಲಿ ಒಣಗಿದ ಟಿಂಚರ್ ಬಾಟಲಿ, ಇವನ್ನು ನೋಡಿದ ತಾಯಿ ಬೇಡ ಎಂದರೆ ಅವಳ ಮಾತು ಸರಿ. ನೋವನ್ನು ತಡೆಯಲು ಕಲಿಸುವುದು ಬೇರೆ, ತಪ್ಪಿಸಬಹುದಾದ ನೋವನ್ನು ಮಗುವಿನ ಮೇಲೆ ಹೊರಿಸುವುದು ಬೇರೆ. ಗಟ್ಟಿತನದ ಹೆಸರಿನಲ್ಲಿ ಎರಡನೆಯದನ್ನು ಸಮರ್ಥಿಸಿಕೊಳ್ಳುವ ಶಿಕ್ಷಕರನ್ನು ನಾವೆಲ್ಲ ಕಂಡಿದ್ದೇವೆ.

ಆರ್ಕೇಯ್ ಬಾವುಟದ ಕೆಳಗೆ ಯಾರು ನಿಂತಿದ್ದರು ಎಂಬುದನ್ನೂ ನೋಡಬೇಕು. ಎಲ್ಲರೂ ಗಂಡು ಹುಡುಗರು. ಹೆಚ್ಚಿನವರು ಶುಲ್ಕ ಕೊಟ್ಟು ಓದಬಲ್ಲ ಅನುಕೂಲಸ್ಥ ಮನೆಗಳವರು. 1896ರ ಅಥೆನ್ಸ್ ಕೂಟದಲ್ಲಿ ಮಹಿಳೆಯರ ಸ್ಪರ್ಧೆ ಇರಲಿಲ್ಲ. ಕೂಬರ್ತಾಂ ಕೊನೆಯವರೆಗೂ ಅದನ್ನು ಒಪ್ಪಲಿಲ್ಲ. ಇನ್ನೂ ಎಂಬ ಪದ ಎಲ್ಲರಿಗೂ ಸೇರಿದ್ದು ಎಂಬ ಅರ್ಥವನ್ನು ಅದಕ್ಕೆ ತುಂಬಿದ್ದು ಆಮೇಲೆ ಬಂದವರು. 2021ರಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ ಈ ಮೂರು ಪದಗಳ ಜೊತೆಗೆ ಒಟ್ಟಾಗಿ ಎಂಬರ್ಥದ ನಾಲ್ಕನೆಯ ಪದವನ್ನು ಸೇರಿಸಿತು. ನಮ್ಮ ಕ್ರೀಡಾ ದಿನದ ಆಹ್ವಾನಪತ್ರಿಕೆಗಳಿಗೆ ಅದು ಇನ್ನೂ ಬಂದಂತಿಲ್ಲ.

ಈಗ ಈ ಬದುಕಿನ ಅತಿ ಕಷ್ಟದ ಪುಟ. ಪ್ರಶಿಕ್ಷಣಾರ್ಥಿಗಳ ಮುಂದೆ ಇದನ್ನು ಬಿಟ್ಟು ಉಳಿದದ್ದನ್ನು ಹೇಳುವುದು ಸರಿಯಲ್ಲ. 1898ರಲ್ಲಿ ಫ್ರಾನ್ಸ್ ದ್ರೇಫ್ಯೂಸ್ ಪ್ರಕರಣದಿಂದ ಹೊತ್ತಿ ಉರಿಯುತ್ತಿತ್ತು. ಯೆಹೂದಿ ಸೇನಾಧಿಕಾರಿಯೊಬ್ಬನನ್ನು ಮಾಡದ ದ್ರೋಹಕ್ಕಾಗಿ ಶಿಕ್ಷಿಸಿ ದೂರದ ದ್ವೀಪಕ್ಕೆ ಅಟ್ಟಲಾಗಿತ್ತು. ಸೇನೆ ತನ್ನ ತಪ್ಪನ್ನು ಒಪ್ಪಲು ಸಿದ್ಧವಿರಲಿಲ್ಲ. ಸೇನೆಯ ಗೌರವವೇ ದೊಡ್ಡದು ಎನ್ನುವವರು ಒಂದು ಕಡೆ, ಒಬ್ಬ ನಿರಪರಾಧಿಗೆ ನ್ಯಾಯವೇ ದೊಡ್ಡದು ಎನ್ನುವವರು ಇನ್ನೊಂದು ಕಡೆ. ಆ ಜುಲೈ 19ರಂದು ಆರ್ಕೇಯ್ ಶಾಲೆಯ ಬಹುಮಾನ ವಿತರಣೆ. ಅಧ್ಯಕ್ಷತೆ ದೇಶದ ಹಿರಿಯ ಸೇನಾನಿ ಜನರಲ್ ಜಾಮೋಂ ಅವರದು. ಮಕ್ಕಳೂ ತಂದೆತಾಯಂದಿರೂ ಕುಳಿತಿದ್ದ ಆ ಸಭೆಯಲ್ಲಿ ದಿದೋಂ ರಾಷ್ಟ್ರಕ್ಕೆ ಬೇಕಾದ ಸೈನಿಕ ಮನೋಭಾವದ ಬಗ್ಗೆ ಮಾತಾಡಿದರು. ಬಲವನ್ನು, ಖಡ್ಗವನ್ನು ಹೊಗಳಿದರು. ಸೇನೆಯನ್ನು ಪ್ರಶ್ನಿಸುವವರ ಮೇಲೆ ಹರಿಹಾಯ್ದರು. ಭಾಷಣ ದೇಶವೆಲ್ಲ ಸುದ್ದಿಯಾಯಿತು. ಒಂದು ಕಾಲಕ್ಕೆ ಹೊಸ ವಿಚಾರದವರ ಮೆಚ್ಚಿನ ಪಾದ್ರಿಯಾಗಿದ್ದವರನ್ನು ಅದೇ ಜನ ಕಟುವಾಗಿ ಟೀಕಿಸಿದರು. ದ್ರೇಫ್ಯೂಸ್ ನಿರಪರಾಧಿ ಎಂದು 1906ರಲ್ಲಿ ನ್ಯಾಯಾಲಯ ತೀರ್ಪು ಕೊಟ್ಟಿತು; ಅದನ್ನು ಕೇಳಲು ದಿದೋಂ ಉಳಿದಿರಲಿಲ್ಲ.

ಅವರ ಆಟದ ಬಯಲಿಗೂ ಈ ಭಾಷಣಕ್ಕೂ ಸಂಬಂಧವಿಲ್ಲವೆಂದು ಅವರ ಅಭಿಮಾನಿಗಳು ಹೇಳಬಹುದು. ನನಗೆ ಹಾಗೆ ತೋರುವುದಿಲ್ಲ. 1870ರ ಯುದ್ಧದಲ್ಲಿ ಜರ್ಮನಿಯೆದುರು ಸೋತ ಫ್ರಾನ್ಸಿನಲ್ಲಿ ಹುಡುಗರ ಮೈ ಗಟ್ಟಿಮಾಡುವ ಮಾತೆಲ್ಲ ಮುಂದಿನ ಯುದ್ಧದ ಕಡೆಗೇ ಓರೆಯಾಗಿ ನೋಡುತ್ತಿತ್ತು. ಇನ್ನೂ ಬಲವಾಗಿ ಎಂಬ ಪದಕ್ಕೆ ಏತಕ್ಕಾಗಿ ಎಂಬ ಪ್ರಶ್ನೆ ಅಂಟಿಕೊಂಡೇ ಇರುತ್ತದೆ. ಅದಕ್ಕೆ ಶಾಲೆಯೇ ಉತ್ತರ ಕೊಡದಿದ್ದರೆ ಹೊರಗಿನವರು ಬಂದು ಕೊಡುತ್ತಾರೆ. ಹುಡುಗನಿಗೆ ಸ್ವಂತ ಬುದ್ಧಿಯಿಂದ ನಡೆಯಲು ಕಲಿಸಬೇಕು ಎಂದ ಅದೇ ಶಿಕ್ಷಕ, ದೊಡ್ಡ ಪ್ರಶ್ನೆ ಎದುರಾದಾಗ ಪ್ರಶ್ನೆ ಕೇಳುವವರನ್ನೇ ದೂರಿದರು. ಶಿಕ್ಷಕರ ತರಬೇತಿ ಕಾಲೇಜಿನಲ್ಲಿ ಕುಳಿತು ಇದನ್ನು ಓದುವಾಗ ದಿದೋಂ ಅವರ ಮೇಲೆ ಸಿಟ್ಟಿಗಿಂತ ಅಳುಕೇ ಹೆಚ್ಚು ಬರುತ್ತದೆ. ವಾರ್ಷಿಕೋತ್ಸವದ ವೇದಿಕೆಯಲ್ಲಿ ಮುಖ್ಯ ಅತಿಥಿಯ ಪಕ್ಕ ನಿಂತು, ಆ ದಿನದ ಗಾಳಿ ಬೀಸಿದ ಕಡೆಗೆ ಮಾತಾಡುವುದು ಎಷ್ಟು ಸುಲಭ! ಎದುರಿಗೆ ಕುಳಿತ ಮಕ್ಕಳು ಅದನ್ನೂ ಪಾಠವೆಂದೇ ತೆಗೆದುಕೊಳ್ಳುತ್ತಾರೆ.

ಆ ಪದಗಳ ದಾರಿ ಮಾತ್ರ ಅವರಿಂದ ಬೇರೆಯಾಗಿ ಸಾಗಿತು. ಗೆಲ್ಲುವುದಕ್ಕಿಂತ ಭಾಗವಹಿಸುವುದು ಮುಖ್ಯ ಎಂಬ ವಿಚಾರವನ್ನು ಕೂಬರ್ತಾಂ 1908ರಲ್ಲಿ, ಲಂಡನ್ ಕೂಟದ ಸಮಯದಲ್ಲಿ, ಈಥೆಲ್ಬರ್ಟ್ ಟಾಲ್ಬಟ್ ಎಂಬ ಅಮೆರಿಕದ ಬಿಷಪ್ಪರ ಪ್ರಬೋಧನೆಯಿಂದ ಎತ್ತಿಕೊಂಡರು. ಒಲಿಂಪಿಕ್ಸ್ ಇಂದು ಹೇಳುವ ಎರಡು ಮುಖ್ಯ ಮಾತುಗಳೂ ಹೀಗೆ ಇಬ್ಬರು ಧರ್ಮಗುರುಗಳಿಂದ ಬಂದವು. ಒಂದು ಇನ್ನೂ ಮೇಲಕ್ಕೆ ಎನ್ನುತ್ತದೆ, ಇನ್ನೊಂದು ಬಂದು ನಿಂತರೆ ಸಾಕು ಎನ್ನುತ್ತದೆ. ಆಟದ ಅವಧಿಯಲ್ಲಿ ಎರಡನ್ನೂ ಹಿಡಿದು ನಡೆಯುವುದು ಹೇಗೆಂದು ಕೇಳುವ ಪ್ರಶಿಕ್ಷಣಾರ್ಥಿಗಳಿಗೆ ನಾನು ಒಂದು ಚಟುವಟಿಕೆ ಹೇಳುತ್ತೇನೆ. ಇದು ದಿದೋಂ ಹೇಳಿದ್ದಲ್ಲ, ನನ್ನದು. ನಿಂತಲ್ಲಿಂದ ಉದ್ದಜಿಗಿತ ಮಾಡಿಸಿ. ಪ್ರತಿ ಮಗುವಿಗೂ ಒಂದು ಐಸ್‌ಕ್ರೀಂ ಕಡ್ಡಿ ಕೊಟ್ಟು, ಅದರ ಮೇಲೆ ಹೆಸರು ಬರೆಸಿ, ಅವರವರ ಜಿಗಿತ ಮುಟ್ಟಿದ ಜಾಗದಲ್ಲಿ ನೆಡಿಸಿ. ಎರಡನೆಯ ಸಲ ತನ್ನ ಕಡ್ಡಿಯನ್ನು ದಾಟಲು ನೋಡಬೇಕು, ಪಕ್ಕದವರದ್ದನ್ನಲ್ಲ. ದಾಟಿದರೆ ಕಡ್ಡಿ ಮುಂದಕ್ಕೆ. ಒಂದು ಅವಧಿಯಲ್ಲಿ ಮೂರು ಸಲ ಸಾಕು. ಕಾಲಿನ ತೊಂದರೆಯಿರುವ ಮಗು ಕುಳಿತಲ್ಲಿಂದ ಚೆಂಡು ಎಸೆದು ತನ್ನ ಕಡ್ಡಿ ನೆಡಬಹುದು. ಗುಂಡಿಯ ತುಂಬ ಕಡ್ಡಿಗಳು ನಿಂತಾಗ ಯಾವುದು ಎಲ್ಲಕ್ಕಿಂತ ಮುಂದಿದೆ ಎಂದು ಮಕ್ಕಳು ಹೇಗೂ ನೋಡಿಯೇ ನೋಡುತ್ತಾರೆ, ನೋಡಲಿ. ಆದರೆ ಎಣಿಸುವಾಗ ಎಷ್ಟು ಕಡ್ಡಿಗಳು ಮುಂದೆ ಸರಿದವು ಎಂದು ಎಣಿಸಿ.

ದಿದೋಂ 1900ರ ಮಾರ್ಚ್ 13ರಂದು ತುಲೂಸ್ ನಗರದಲ್ಲಿ ತೀರಿಕೊಂಡರು. ಅರವತ್ತು ತುಂಬಲು ನಾಲ್ಕು ದಿನ ಬಾಕಿಯಿತ್ತು. ಎರಡನೆಯ ಒಲಿಂಪಿಕ್ ಕೂಟ ಆ ವರ್ಷದ ಮೇ ತಿಂಗಳಲ್ಲಿ ಅವರದೇ ಪ್ಯಾರಿಸಿನಲ್ಲಿ ಶುರುವಾಯಿತು. ಮೊದಲ ಬಾರಿಗೆ ಮಹಿಳೆಯರು ಸ್ಪರ್ಧಿಸಿದ್ದು ಆ ಕೂಟದಲ್ಲೇ.